ದೇವರಲ್ಲ, ಚಟ್ನಿ

ಹ್ಯೂಸ್ಟನ್ನಿನ ಆ ಮನೆಯ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಒಂದು ಗೋಡೆ. ಒಂದೇ ಸೂರಿನ ಕೆಳಗೆ ಎರಡು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದ ಮನೆ ಅದು; ಮುಂದೆ ಎರಡು ಬಾಗಿಲು, ಹಿಂದೆ ಇಬ್ಬರಿಗೂ ಸೇರಿದ ಒಂದು ಗ್ಯಾರೇಜು, ನಡುವೆ ಈ ಗೋಡೆ. ಹೆಸರಿಗೆ ಗೋಡೆ ಅಷ್ಟೆ. ಆ ಕಡೆಯವರು ಬಾಗಿಲನ್ನು ಜೋರಾಗಿ ಹಾಕಿಕೊಂಡರೆ ಈ ಕಡೆ ನಮ್ಮ ಚಾಮುಂಡೇಶ್ವರಿಯ ಪಟ ಓರೆಯಾಗುತ್ತಿತ್ತು. ಅಮ್ಮ ಪಟವನ್ನು ನೆಟ್ಟಗೆ ಮಾಡಿ, ಒಲೆಯ ಉರಿ ಸಣ್ಣ ಮಾಡಿ, ಸ್ಟೀಲ್ ಲೋಟದ ಬಾಯನ್ನು ಗೋಡೆಗೆ ಒತ್ತಿ ತಳಕ್ಕೆ ಕಿವಿ ಕೊಡುತ್ತಿದ್ದಳು. ಮಾತು ಕೇಳಿಸುತ್ತಿತ್ತು, ಟೆಕ್ಸಸ್ಸಿನವರ ಎಳೆದೆಳೆದು ಆಡುವ ಇಂಗ್ಲಿಷ್ ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆಗ ಲೋಟ ನನ್ನ ಕೈಗೆ ಬರುತ್ತಿತ್ತು.

"ಏನಂತೆ ಕೇಳು, ಪದ್ದು. ನಮ್ಮ ವಿಷಯಾನಾ?"

ನಮ್ಮ ವಿಷಯ ಒಂದು ದಿನವೂ ಇರುತ್ತಿರಲಿಲ್ಲ. ಅದರಿಂದ ಅಮ್ಮನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಪಕ್ಕದಲ್ಲೇ ಇದ್ದುಕೊಂಡು ನಮ್ಮ ಬಗ್ಗೆ ಒಂದು ಮಾತೂ ಆಡುವುದಿಲ್ಲವೆಂದರೆ ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವಳ ವಾದ. ಅಮ್ಮ ಯಾರನ್ನೂ ಬಿಟ್ಟವಳಲ್ಲ. ಅಂಗಡಿಯ ಬಿಸ್ಕತ್ತಿನಲ್ಲಿ ಹಂದಿಯ ಕೊಬ್ಬು ಇದೆಯೆಂದು ಅನುಮಾನ, ತರಕಾರಿ ಸೂಪಿನ ಡಬ್ಬಿಯಲ್ಲಿ ಮೂಳೆ ಬೇಯಿಸಿದ ನೀರು ಇದೆಯೆಂದು ಅನುಮಾನ (ಎರಡೂ ನಿಜವೆಂದು ಆಮೇಲೆ ಗೊತ್ತಾಯಿತು), ಪೋಸ್ಟಿನವನು ಊರಿನ ಕಾಗದಗಳನ್ನು ಬಿಡಿಸಿ ಓದಿ ಮತ್ತೆ ಅಂಟಿಸುತ್ತಾನೆಂದು ಅನುಮಾನ. ಆದರೆ ಅವಳಲ್ಲಿ ಒಂದು ಗುಣವಿತ್ತು: ತಾನು ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಮನೆಯೊಡತಿ ಬಂದು, ನಿಮ್ಮ ಮನೆಯಲ್ಲಿ ಏನೋ ಸುಟ್ಟ ವಾಸನೆ ಬರುತ್ತದೆ ಎಂದರೆ, ದಿನಾ ಬರುತ್ತೆ, ನಾಳೆಯೂ ಬರುತ್ತೆ, ಅದು ಒಗ್ಗರಣೆ ಎಂದು ನನ್ನ ಬಾಯಿಂದ ಹೇಳಿಸಿದ್ದಳು. ಹಾಗಾಗಿ ಆ ಮನೆಯಲ್ಲಿ ನನ್ನ ಲೆಕ್ಕ ಸರಳವಾಗಿತ್ತು. ಲೋಕದವರೆಲ್ಲ ಸುಳ್ಳರು, ಅಮ್ಮ ಹೇಳಿದ್ದು ನಿಜ. ಒಂಬತ್ತು ವರ್ಷದ ಹುಡುಗಿ ಅಷ್ಟನ್ನು ನಂಬಿಕೊಂಡು ನೆಮ್ಮದಿಯಾಗಿದ್ದೆ.

ಗೋಡೆಯ ಆಚೆ ಇದ್ದವರು ವೇಡ್ ಮತ್ತು ಅವನ ಹೆಂಡತಿ ಡಾರ್ಲೀನ್. ಅಮ್ಮನ ಬಾಯಲ್ಲಿ ವೇಡ್ ಎಂಬುದು ವೇದ ಆಗಿತ್ತು. ವೇದ ಅಂತ ಹೆಸರಿಟ್ಟುಕೊಂಡು ದನ ತಿಂತಾನೆ ಎಂಬುದು ಅವನ ಮೇಲಿನ ಮೊದಲ ಆರೋಪ. ಎರಡನೆಯದು ಅವನ ಕಾರು. ಶನಿವಾರ ಬೆಳಿಗ್ಗೆ ಅದನ್ನು ಟ್ರೇಲರಿಗೆ ಹತ್ತಿಸಿಕೊಂಡು ಎಲ್ಲಿಗೋ ಹೋಗುತ್ತಿದ್ದ. ಭಾನುವಾರ ನೋಡಿದರೆ ಅದೇ ಕಾರು ಮುಸುಡಿ ಒಡೆದುಕೊಂಡು ನಿಂತಿರುತ್ತಿತ್ತು. ವಾರವೆಲ್ಲ ಬಡಿದು, ಬೆಸುಗೆ ಹಾಕಿ, ಬಣ್ಣ ಬಳಿದು, ಶನಿವಾರ ಮತ್ತೆ ಹೊರಡುತ್ತಿದ್ದ. ಕದ್ದ ಕಾರಿಗೆ ಬಣ್ಣ ಬದಲಾಯಿಸಿ ಮಾರುತ್ತಾನೆ ಎಂದು ಅಮ್ಮ ತೀರ್ಮಾನಿಸಿಬಿಟ್ಟಿದ್ದಳು. ಅಪ್ಪ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳಿಗೆ ತಿಳಿಸಿ ಹೇಳಲು ನೋಡಿದರು. ಅಪ್ಪ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಹ್ಯೂಸ್ಟನ್ನಿನಲ್ಲಿ ಎಣ್ಣೆ ಕೊಳವೆಗಳಿಗೆ ವಾಲ್ವು ಮಾಡುವ ಒಂದು ಕಂಪನಿಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಗೆರೆ ಎಳೆಯುತ್ತಿದ್ದರು. ಅದು ಅವರಿಗೆ ಬೇಸರದ ಕೆಲಸವಾಗಿತ್ತು ಎಂದು ನನಗೆ ಆಗ ತಿಳಿದಿರಲಿಲ್ಲ.

"ಅವನು ರೇಸ್ ಡ್ರೈವರ್ ಕಣೆ ಸರೋಜ. ಅದನ್ನ ಸ್ಟಾಕ್ ಕಾರ್ ಅಂತಾರೆ."

"ಸ್ಟಾಕ್ ಅಂದ್ರೆ?"

"ಅಂಗಡೀಲಿ ಹೇಗೆ ಸಿಗುತ್ತೋ ಹಾಗೇ ಇರೋದು. ಯಾರು ಬೇಕಾದ್ರೂ ಕೊಂಡ್ಕೊಬೋದಾದ ಮಾಮೂಲಿ ಕಾರು."

"ಮಾಮೂಲಿ ಕಾರಿಗೆ ಬಾಗಿಲು ಯಾಕ್ರೀ ತೆಗೆಯೋಕೆ ಬರಲ್ಲ? ಬೆಸುಗೆ ಹಾಕ್ಬಿಟ್ಟಿದಾನೆ. ಒಳಗೆ ಒಂದೇ ಸೀಟು. ಗಾಜೇ ಇಲ್ಲ."

"ಅದು ರೇಸಿಗೋಸ್ಕರ."

"ಮತ್ತೆ ಅಂಗಡೀದು ಅಂತ ಯಾಕೆ ಹೇಳ್ತಾರೆ? ಹೆಸರಲ್ಲೇ ಸುಳ್ಳು."

ಅಪ್ಪ ಸಾರಿಗೆ ಇನ್ನಷ್ಟು ಅನ್ನ ಕಲಸಿಕೊಂಡರು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಅಂಗಡಿಕಾರು. ಮಾಮೂಲಿಯಂತೆ ತೋರಿಸಿಕೊಂಡು ಒಳಗೊಂದು ಇಟ್ಟುಕೊಂಡ ಯಾರನ್ನು ಕಂಡರೂ ಅಮ್ಮ ಅವನೊಬ್ಬ ಅಂಗಡಿಕಾರು ಎನ್ನತೊಡಗಿದಳು.

ವೇಡನ ಕತೆಯನ್ನು ನಾನು ತುಂಡುತುಂಡಾಗಿ ಲೋಟದ ಮೂಲಕ ಕೇಳಿದ್ದೇನೆ. ಡ್ಯಾಲಸ್ಸಿನ ಹತ್ತಿರದ, ಹತ್ತಿ ಬೆಳೆಯುವ ಒಂದು ಊರಿನವನು. ಹದಿನಾರಕ್ಕೇ ಶಾಲೆ ಬಿಟ್ಟು ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿಸಲು ಶುರುಮಾಡಿದವನು ಡ್ಯಾಲಸ್, ಆಸ್ಟಿನ್, ಹ್ಯೂಸ್ಟನ್ ಎಂದು ವಾರಕ್ಕೊಂದು ಕಡೆ ಸುತ್ತಿ, ಕೊರಳೆಲುಬು, ಪಕ್ಕೆಲುಬು, ಮಣಿಕಟ್ಟು ಎಲ್ಲವನ್ನೂ ಸರದಿಯ ಮೇಲೆ ಮುರಿದುಕೊಂಡಿದ್ದ. ವಯಸ್ಸು ಮೂವತ್ತು ದಾಟುತ್ತಿತ್ತು. ಡ್ಯಾಲಸ್ಸಿನ ಒಬ್ಬ ರೇಸ್ ಕಾರುಗಳ ಮಾಲೀಕ ತನ್ನ ದೊಡ್ಡ ಕಾರಿಗೆ ಡ್ರೈವರನ್ನು ಹುಡುಕುತ್ತಿದ್ದಾನೆ, ಈ ಅಕ್ಟೋಬರಿನಲ್ಲಿ ಬಂದು ನೋಡುತ್ತಾನಂತೆ ಎಂಬ ಮಾತು ಬೇಸಿಗೆಯಿಡೀ ಆ ಮನೆಯಲ್ಲಿ ನಡೆಯುತ್ತಿತ್ತು. ಅವನು ಆರಿಸಿಕೊಂಡರೆ ವೇಡ್ ದೊಡ್ಡ ಟ್ರ್ಯಾಕುಗಳ ಡ್ರೈವರ್. ಇಲ್ಲವಾದರೆ ಬಂದರಿನಲ್ಲಿ ಪೈಪು ಬೆಸುಗೆಯೇ ಗತಿ. ಇದನ್ನೆಲ್ಲ ನಾನು ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. ಅಮ್ಮ ಹುರಳೀಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದಳು. ಡಾರ್ಲೀನ್ ಅತ್ತದ್ದೂ ಒಮ್ಮೆ ಕೇಳಿಸಿತು. ಅಮ್ಮ ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಅಳೋದನ್ನೆಲ್ಲ ಕೇಳಬಾರದು ಎಂದಳು.

ಇನ್ನು ಗುಂಡಿನ ವಿಷಯ. ಅಮ್ಮನ ಒರಳುಕಲ್ಲು ಹಡಗಿನಲ್ಲಿ ಬಂದಿತ್ತು. ಆದರೆ ಅದರ ಗುಂಡನ್ನು ಹಡಗಿನವರು ಕಳೆದುಬಿಡುತ್ತಾರೆಂಬ ಅನುಮಾನದಿಂದ ಹಳೆಯ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ನಯವಾದ ಕರಿಕಲ್ಲು, ಬುಡ ದಪ್ಪ, ತುದಿ ಸಣ್ಣ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ನ್ಯೂಯಾರ್ಕಿನಲ್ಲಿ ಕಸ್ಟಮ್ಸಿನವನು ಸೀರೆ ಬಿಚ್ಚಿ ನೋಡಿ, ಭಕ್ತಿಯಿಂದಲೇ ಕೇಳಿದನಂತೆ, ಇದು ನಿಮ್ಮ ದೇವರೇ ಎಂದು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನೋ ಗಾಡ್," ಅಂದಳಂತೆ ಅಮ್ಮ. "ಚಟ್ನಿ."

ಚಟ್ನಿ ಎಂದರೇನೆಂದು ವಿವರಿಸುವಷ್ಟರಲ್ಲಿ ಮುಂದಿನ ವಿಮಾನ ತಪ್ಪಿಹೋಗಿತ್ತು. ಅಪ್ಪ ಈ ಕತೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಕಲ್ಲನ್ನು ದೇವರು ಅನ್ನೋಕಾಗುತ್ತಾ ಎಂದು ಅವಳ ಪ್ರಶ್ನೆ. ಅಡುಗೆಮನೆಯ ನೆಲ ಕುಸಿಯುತ್ತದೆಂದು ಮನೆಯೊಡತಿ ತಗಾದೆ ತೆಗೆದದ್ದರಿಂದ ಒರಳು, ಗುಂಡು ಎರಡೂ ಗ್ಯಾರೇಜಿನಲ್ಲಿ, ವೇಡನ ಟೈರುಗಳ ಪಕ್ಕದಲ್ಲಿ ನೆಲೆಯಾದವು. ಶನಿವಾರ ಸಂಜೆ ಅಮ್ಮ ಮಣೆ ಹಾಕಿಕೊಂಡು ಅಲ್ಲೇ ರುಬ್ಬುತ್ತಿದ್ದಳು, ಭಾನುವಾರದ ದೋಸೆಗೆ.

ಆ ಬೇಸಿಗೆಯಲ್ಲಿ ಅಪ್ಪನಿಗೆ ಎರಡು ಹೊಸ ಚಾಳಿ ಬಂದವು. ಒಂದು, ಶನಿವಾರ ಪೂರ್ತಿ ಲೈಬ್ರರಿ. ಇನ್ನೊಂದು, ಹೆಂಡತಿಯ ಮೇಲೆ ಕಾಳಜಿ.

"ಶುಕ್ರವಾರವೇ ರುಬ್ಬಿಬಿಡು ಸರೋಜ. ಶನಿವಾರ ಒಂದಿನ ಆದ್ರೂ ರೆಸ್ಟ್ ತಗೊ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅಪ್ಪ ಅಂಥ ಮಾತು ಆಡಿದ್ದೇ ಇಲ್ಲ. ಅಮ್ಮನ ಕಿವಿ ನಿಮಿರಿತು. ಶುಕ್ರವಾರ ರುಬ್ಬಿದ ಹಿಟ್ಟು ಹ್ಯೂಸ್ಟನ್ನಿನ ಸೆಕೆಗೆ ಭಾನುವಾರದ ಹೊತ್ತಿಗೆ ಹುಳಿ ಹೆಂಡವಾಗುತ್ತಿತ್ತು. ಹುಳಿ ದೋಸೆ ಕಂಡರೆ ಮುಖ ಸಿಂಡರಿಸುತ್ತಿದ್ದ ಅಪ್ಪ ಈಗ ಚೆನ್ನಾಗಿದೆ, ಇನ್ನೊಂದು ಹಾಕು ಎನ್ನುತ್ತಿದ್ದರು. ಅಮ್ಮ ದೋಸೆ ಮಗುಚುತ್ತಾ ಅವರ ಮುಖವನ್ನೇ ನೋಡುತ್ತಿದ್ದಳು. ಸೋಮವಾರ ಬಟ್ಟೆ ಒಗೆಯುವಾಗ ಅವರ ಅಂಗಿಯನ್ನು ಮೂಸಿ ನನ್ನ ಮೂಗಿಗೂ ಹಿಡಿಯುತ್ತಿದ್ದಳು. ಸುಟ್ಟ ರಬ್ಬರಿನ ವಾಸನೆ.

"ಲೈಬ್ರರೀಲಿ ಪುಸ್ತಕ ಸುಡ್ತಾರೇನೇ?"

ಅವಳಿಗೆ ಇನ್ನೊಬ್ಬ ಹೆಂಗಸಿನ ಅನುಮಾನ ಬಂದದ್ದೂ ಉಂಟು. ಆದರೆ ರಬ್ಬರಿನ ವಾಸನೆ ಬರುವ ಹೆಂಗಸು ಯಾರಿರಬಹುದೆಂದು ಹೊಳೆಯದೆ ಅದನ್ನು ಕೈಬಿಟ್ಟಳು. ಅಷ್ಟರಲ್ಲಿ ಒಂದು ಭಾನುವಾರ ಚಟ್ನಿಯ ಮೊದಲ ತುತ್ತು ಬಾಯಿಗಿಟ್ಟವಳು ಹಾಗೇ ನಿಲ್ಲಿಸಿದಳು. ಚಟ್ನಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಗ್ಯಾರೇಜಿಗೆ ಹೋಗಿ ಗುಂಡನ್ನು ತಿರುಗಿಸಿ ನೋಡಿದಳು. ಬುಡದ ಸಣ್ಣ ಗುಳಿಗಳಲ್ಲಿ ಕಪ್ಪು ಗ್ರೀಸು ಸೇರಿಕೊಂಡಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಚಟ್ನಿಯನ್ನು ಮೂಸಿ ನೋಡದೆ ಯಾರೂ ತಿನ್ನುತ್ತಿರಲಿಲ್ಲ. ನಾನಂತೂ ಈ ವಯಸ್ಸಿನಲ್ಲೂ ಹೋಟೆಲಿನಲ್ಲಿ ಮೂಸಿ ನೋಡಿ ಜೊತೆಯವರ ಮಾನ ತೆಗೆಯುತ್ತೇನೆ.

ಮುಂದಿನ ಶನಿವಾರ ಆಸ್ಟಿನ್ನಿನಿಂದ ಇಬ್ಬರು ಹುಡುಗರು ಹೇಳದೆ ಕೇಳದೆ ಬಂದಿಳಿದರು. ಅಲ್ಲಿ ಓದುತ್ತಿದ್ದವರು, ಒಬ್ಬ ಹಾಸನದವನು, ಇನ್ನೊಬ್ಬ ಧಾರವಾಡದವನು. ಕಾಫಿ ಕೊಟ್ಟು, ತೆಂಗಿನಕಾಯಿ ತುರಿದುಕೊಂಡು ರುಬ್ಬಲು ಹೋದ ಅಮ್ಮ ಬರಿಗೈಯಲ್ಲಿ ವಾಪಸು ಬಂದಳು.

"ನಮ್ಮನೇಲಿ ಗುಂಡು ಕಳ್ಳತನ ಆಗಿದೆ," ಎಂದಳು.

ಹುಡುಗರು ಮುಖ ಮುಖ ನೋಡಿಕೊಂಡರು. ಧಾರವಾಡದವನು ತಡವರಿಸಿದ:

"ಅಂಕಲ್ ತಗೋತಾರಂತ ನಮಗ ಗೊತ್ತಽ ಇರಲಿಲ್ರಿ."

ಯಾವ ಗುಂಡು ಎಂದು ವಿವರಿಸಿದ ಮೇಲೆ ಅವನು ಪಾಪ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅಮ್ಮ ನೇರ ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಿ, ನನ್ನನ್ನು ಮುಂದೆ ನಿಲ್ಲಿಸಿ, ನಮ್ಮ ಕಲ್ಲು ಕೊಡಿ ಎಂದು ಕೇಳಿಸಿದಳು. ಡಾರ್ಲೀನ್ ಸಿಗರೇಟು ಕೆಳಗಿಳಿಸಿ, ಯಾವ ಕಲ್ಲು ಎಂದಳು. ಅವಳ ಮುಖ ಕೆಂಪಾದದ್ದನ್ನು ಅಮ್ಮ ನೋಡಿದಳು, ನಾನೂ ನೋಡಿದೆ. ಭಾನುವಾರ ಬೆಳಿಗ್ಗೆ ಗುಂಡು ಒರಳಿನಲ್ಲೇ ಇತ್ತು, ತೊಳೆದು ಒರೆಸಿದ ಹಾಗೆ. ಅಪ್ಪ ತಾವೇ ಅದನ್ನು ಎಲ್ಲರಿಗೂ ತೋರಿಸಿದರು.

"ಇಲ್ಲೇ ಇದೆಯಲ್ಲೇ. ನೀನು ಸರಿಯಾಗಿ ನೋಡಿಲ್ಲ."

ಅಮ್ಮ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡಲಿಲ್ಲವೆಂದರೆ ಒಳಗೆ ಏನೋ ರುಬ್ಬುತ್ತಿದ್ದಾಳೆಂದೇ ಅರ್ಥ. ಆಯುಧಪೂಜೆ ಹತ್ತಿರವಿತ್ತು. ಆ ದಿನ ಈಳಿಗೆಮಣೆ, ಚಾಕು, ಅಪ್ಪನ ಸ್ಕೇಲು ಕಂಪಾಸು, ನಮ್ಮ ಹಳೆಯ ಕಾರು ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕೊನೆಗೆ ಒರಳಿನ ಮುಂದೆ ಕೂತಳು. ಗುಂಡಿನ ನೆತ್ತಿಗೆ ಮಾಮೂಲಿನಂತೆ ಕುಂಕುಮ ಇಟ್ಟಳು. ಆಮೇಲೆ ಅದನ್ನು ವಾಲಿಸಿ, ಬುಡಕ್ಕೂ ಸುತ್ತಲೂ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಬಳಿದಳು.

"ಕೆಳಗೆ ಯಾಕಮ್ಮಾ ಕುಂಕುಮ?"

"ಕದ್ದೋರ ಕೈಗೆ ಅಂಟಲಿ ಅಂತ. ಹರಳೆಣ್ಣೆ ಸೋಪಿಗೂ ಹೋಗಲ್ಲ."

ಆ ವಾರದ ಶನಿವಾರವೇ ಡ್ಯಾಲಸ್ಸಿನ ಮಾಲೀಕ ಬರುವ ದಿನ. ಬೆಳಿಗ್ಗೆ ಅಪ್ಪ ಲೈಬ್ರರಿಗೆ ಹೋದರು, ವೇಡನ ಟ್ರೇಲರ್ ಹೋಯಿತು. ಅಮ್ಮ ಸಾವಕಾಶವಾಗಿ ಕೈ ಒರೆಸಿಕೊಂಡು ಗ್ಯಾರೇಜಿಗೆ ಹೊರಟಳು, ನಾನು ಹಿಂದೆ. ಒರಳು ಬರಿದಾಗಿತ್ತು. ಅಮ್ಮನ ಮುಖದಲ್ಲಿ ಗೆಲುವು ಕಂಡಿತು. ಈಗ ಡಾರ್ಲೀನಳ ಬಾಗಿಲಿಗೆ ಹೋಗಿ ಕೈ ತೋರಿಸು ಎನ್ನುವುದಷ್ಟೇ ಬಾಕಿ. ಹೊರಡಲು ತಿರುಗಿದವಳು ಅಲ್ಲೇ ನಿಂತಳು. ಗ್ಯಾರೇಜಿನಿಂದ ನಮ್ಮ ಅಡುಗೆಮನೆಗೆ ಬರುವ ಬಾಗಿಲಿನ ಹಿಡಿಯ ಮೇಲೆ, ನಮ್ಮ ಕಡೆಯ ಹಿಡಿಯ ಮೇಲೆ, ನಾಲ್ಕು ಕೆಂಪು ಬೆರಳ ಗುರುತು. ಅಡುಗೆಮನೆಯ ಟವೆಲ್ಲಿನಲ್ಲೂ ಕೆಂಪು. ಅಪ್ಪನ ಕಾಫಿ ಲೋಟದ ಅಂಚಿನಲ್ಲೂ ಕೆಂಪು. ಕಳ್ಳ ಗುಂಡು ಎತ್ತಿಟ್ಟು, ಒಳಗೆ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು ಹೋಗಿದ್ದ. ಅಮ್ಮ ಆ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ತೊಳೆಯದೆ ಹಾಗೇ ಮೇಜಿನ ಮೇಲಿಟ್ಟಳು. ನನಗೆ ಭಯವಾಯಿತು.

ಡಾರ್ಲೀನ್ ಟ್ರ್ಯಾಕಿಗೆ ಹೊರಡಲು ತನ್ನ ಕಾರು ಸ್ಟಾರ್ಟ್ ಮಾಡಿದ್ದಳು. ಅಮ್ಮ ಹೋಗಿ ಕಾರಿನ ಮುಂದೆ ನಿಂತಳು.

"ನನ್ನ ಗಂಡ ಎಲ್ಲಿ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ಡಾರ್ಲೀನ್ ಇಂಜಿನ್ ಆರಿಸಿ ಎಲ್ಲವನ್ನೂ ಹೇಳಿದಳು. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ, ಮೊನ್ನೆ ನೀವು ಕಲ್ಲು ಕೇಳಿಕೊಂಡು ಬಂದಾಗ ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ ಎಂದಳು. ಜೂನಿನಿಂದ ಅಪ್ಪ ವೇಡನ ಇಂಜಿನಿಯರ್. ಕಾರಿನ ನೆಲಕ್ಕೆ, ಚೌಕಟ್ಟಿಗೆ ಎಲ್ಲೆಲ್ಲಿ ತೂತು ಕೊರೆದರೆ ಬಲ ಕಮ್ಮಿಯಾಗದೆ ತೂಕ ಕಮ್ಮಿಯಾಗುತ್ತದೆಂದು ಲೆಕ್ಕ ಹಾಕಿದವರು ಅವರು. ಕಾರು ಹಗುರಾಯಿತು, ಓಡಿತು, ಗೆದ್ದಿತು. ಆದರೆ ರೇಸಿಗೆ ಮುಂಚೆ ಕಾರನ್ನು ತೂಗುತ್ತಾರೆ. ಇಷ್ಟಕ್ಕಿಂತ ಕಮ್ಮಿ ತೂಗಿದರೆ ಓಡಿಸುವಂತಿಲ್ಲ. ಹಾಗಾಗಿ ತೂಗುವಾಗ ಸೀಟಿನ ಕೆಳಗೆ ಗುಂಡು, ತೂಗಿದ ಮೇಲೆ ಗುಂಡು ಹೊರಗೆ. ಸೀಸದ ತುಂಡನ್ನು ಎಲ್ಲರೂ ಹುಡುಕುತ್ತಾರೆ. ಮೈಸೂರಿನ ಒರಳುಗುಂಡನ್ನು ಯಾರು ಹುಡುಕುತ್ತಾರೆ?

ಅಮ್ಮ ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಡಾರ್ಲೀನ್ ಅವಳ ಸೀರೆಯ ಕಡೆ ನೋಡಿ ತಡವರಿಸಿದಳು. ಅದು ಗಿಳಿಹಸುರು ಬಣ್ಣದ ಸೀರೆ.

"ಹಸುರು ಬೇಡ. ಟ್ರ್ಯಾಕಿಗೆ ಹಸುರು ಬಂದರೆ ಕೆಟ್ಟದಾಗುತ್ತೆ. ಕಡಲೆಕಾಯಿನೂ ಅಷ್ಟೆ, ಸಿಪ್ಪೆ ಬಿದ್ದಿದ್ದರೆ ವೇಡ್ ಕಾರು ಹತ್ತಲ್ಲ."

ನಾನು ಅನುವಾದಿಸಿದೆ. ಅಮ್ಮ ಮುನಿದುಕೊಳ್ಳುತ್ತಾಳೆಂದು ಕಾದೆ. ಅವಳು ಮರುಮಾತಿಲ್ಲದೆ ಇಳಿದು ಒಳಗೆ ಹೋಗಿ ಹಳದಿ ಸೀರೆ ಉಟ್ಟುಕೊಂಡು ಬಂದಳು. ದೃಷ್ಟಿ, ಶಕುನಗಳ ವಿಷಯದಲ್ಲಿ ಅವಳು ಯಾರೊಡನೆಯೂ ತಮಾಷೆ ಮಾಡುವವಳಲ್ಲ. ದಾರಿಯುದ್ದಕ್ಕೂ ಅವಳು ಒಂದೇ ಮಾತು ಆಡಿದಳು, ಅದೂ ಕನ್ನಡದಲ್ಲಿ, ಕಿಟಕಿಯ ಆಚೆ ನೋಡಿಕೊಂಡು.

"ನಮ್ಮನೇಲೇ ಇತ್ತಲ್ಲೇ ಅಂಗಡಿಕಾರು."

ಟ್ರ್ಯಾಕು ಊರಾಚೆ ಭತ್ತದ ಗದ್ದೆಗಳ ನಡುವೆ ಇತ್ತು. ಇಂಜಿನ್ನುಗಳ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ಹೆಂಗಸರನ್ನು ಕಾರುಗಳ ಹತ್ತಿರ ಬಿಡುತ್ತಿರಲಿಲ್ಲ, ಅದೂ ಅಪಶಕುನವೇ. ತಂತಿಬೇಲಿಯ ಈಚೆ ನಿಲ್ಲಬೇಕು. ಬೇಲಿಗೆ ಅಂಟಿಕೊಂಡ ಹಾಗೆ ತೂಕದ ಕಟ್ಟೆ. ನಾವು ಹೋಗುವಾಗ ವೇಡನ ಕಾರು ಅದರ ಮೇಲೇ ನಿಂತಿತ್ತು. ಪಕ್ಕದಲ್ಲಿ ಅಪ್ಪ. ಲೈಬ್ರರಿಯ ಅಂಗಿಯ ತೋಳು ಮಡಿಸಿಕೊಂಡು, ಯಾವನೋ ಒಬ್ಬನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಮ್ಮನೂ ಅದನ್ನೇ ನೋಡುತ್ತಿದ್ದಳು ಎಂದು ನನಗೆ ಈಗ ಅನ್ನಿಸುತ್ತದೆ. ಸ್ವಲ್ಪ ದೂರದಲ್ಲಿ ಬಿಳಿ ಹ್ಯಾಟಿನ ಡ್ಯಾಲಸ್ಸಿನ ಮಾಲೀಕ ನಿಂತಿದ್ದ.

ತೂಕ ಸರಿಯಾಗಿತ್ತು. ತೂಗುವ ಮುದುಕ ಇನ್ನೇನು ಕೈ ಬೀಸಿ ಕಳಿಸಬೇಕು, ಕಟ್ಟೆಯ ಕಬ್ಬಿಣದ ತಗಡಿನ ಮೇಲೆ ಏನೋ ಬಿದ್ದದ್ದು ಕಂಡಿತು. ಕೆಂಪು ತೊಟ್ಟು. ಇನ್ನೊಂದು. ಸೆಕೆಗೆ ಹರಳೆಣ್ಣೆ ಕರಗಿ, ಅಪ್ಪ ಕೊರೆದ ತೂತುಗಳಿಂದಲೇ ಕೆಳಗೆ ಇಳಿಯುತ್ತಿತ್ತು. ಕಾರಿನ ಕೆಲವು ಎಣ್ಣೆಗಳು ಕೆಂಪಗಿರುತ್ತವಂತೆ. ಸೋರುವ ಕಾರನ್ನು ಟ್ರ್ಯಾಕಿಗೆ ಬಿಡುವಂತಿಲ್ಲ. ಮುದುಕ ಬೆರಳಿಗೆ ಹಚ್ಚಿಕೊಂಡು ಮೂಸಿದ, ಹುಬ್ಬು ಗಂಟಿಕ್ಕಿದ, ಕಿಟಕಿಯಿಂದ ಸೊಂಟದವರೆಗೂ ಒಳಗೆ ತೂರಿ ಸೀಟಿನ ಕೆಳಗೆ ಕೈ ಹಾಕಿದ. ಹೊರಗೆ ಬಂದಾಗ ಅವನ ಎರಡೂ ಕೈಯಲ್ಲಿ ನಮ್ಮ ಗುಂಡು ಇತ್ತು, ಮೊಣಕೈವರೆಗೂ ಕುಂಕುಮ.

"ಏನಿದು?"

ಅಪ್ಪ ತಮ್ಮ ಕೆಂಪು ಬೆರಳುಗಳನ್ನು ಜೇಬಿಗೆ ಸೇರಿಸಿದರು. ವೇಡ್ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಬಿಳಿ ಹ್ಯಾಟು ಒಂದು ಹೆಜ್ಜೆ ಹತ್ತಿರ ಬಂತು. ನನ್ನ ಪಕ್ಕದಲ್ಲಿ ಡಾರ್ಲೀನ್ ಅಮ್ಮನ ಕೈ ಹಿಡಿದುಕೊಂಡು, ದೇವರೇ ದೇವರೇ ಎಂದು ಪಿಸುಗುಟ್ಟುತ್ತಿದ್ದಳು. ನನಗೆ ಅಮ್ಮ ಏನು ಹೇಳುತ್ತಾಳೆಂದು ಗೊತ್ತಿತ್ತು. ಅದು ನನ್ನದು, ಕದ್ದಿದ್ದಾರೆ, ಕೊಡಿ ಎನ್ನುತ್ತಾಳೆ. ವಾರಗಟ್ಟಲೆ ಅವಳು ಕಾದದ್ದು ಅದನ್ನು ಹೇಳುವುದಕ್ಕೇ. ನಾನು ಅನುವಾದಕ್ಕೆ ಸಿದ್ಧಳಾಗಿ ಬೇಲಿಯ ತಂತಿ ಹಿಡಿದು ನಿಂತೆ.

ಅಮ್ಮ ನನ್ನ ಕಡೆ ನೋಡಲಿಲ್ಲ. ತಾನೇ ಇಂಗ್ಲಿಷಿನಲ್ಲಿ ಹೇಳಿದಳು.

"ದಟ್ ಈಸ್ ಅವರ್ ಗಾಡ್."

ಮುದುಕ ತಿರುಗಿ ನೋಡಿದ. ಹಳದಿ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ. ಅವನು ಅವಳ ಹಣೆಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಎರಡೂ ಒಂದೇ ಬಣ್ಣ. ಅವನ ಅಂಗಿಯ ಗುಂಡಿಗೆ ಮೊಲದ ಕಾಲೊಂದು ತೂಗುಬಿದ್ದಿತ್ತು. ಕಡಲೆಕಾಯಿ ಸಿಪ್ಪೆಗೆ ಹೆದರುವ ಜನ ಅವರು. ಅವನ ದನಿ ತಗ್ಗಿತು, ಆದರೆ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಹಾಗಾದರೆ ರೇಸಿನಲ್ಲೂ ಇದು ಕಾರಲ್ಲೇ ಇರುತ್ತೋ, ಅಮ್ಮಾ?"

ಅಪ್ಪನ ಮುಖ ಬಿಳಿಚಿಕೊಂಡಿತು. ಅಮ್ಮ ಅವರನ್ನೇ ನೋಡುತ್ತ ಉತ್ತರಿಸಿದಳು.

"ಗಾಡ್ ವಿಲ್ ನಾಟ್ ಗೆಟ್ ಡೌನ್ ಇನ್ ಮಿಡ್ಲ್."

ಮುದುಕ ತಲೆದೂಗಿದ. ಬಿಗಿದು ಕಟ್ಟಿದರೆ ಅಭ್ಯಂತರವಿಲ್ಲ, ಸಡಿಲ ಬಿಟ್ಟರೆ ಕಾರು ವಾಪಸು ಎಂದ. ಅಪ್ಪ ಮಂಡಿಯೂರಿ ಕಬ್ಬಿಣದ ಪಟ್ಟಿ ಹಾಕಿ, ತಾವೇ ಕೊರೆದ ತೂತುಗಳಲ್ಲಿ ಬೋಲ್ಟು ಬಿಗಿದು, ಹೆಂಡತಿಯ ಗುಂಡನ್ನು ಕಾರಿಗೆ ಕೂರಿಸಿದರು. ಅಮ್ಮ ಬೇಲಿಯ ಈಚೆಯಿಂದ ಒಂದೊಂದು ಬೋಲ್ಟನ್ನೂ ಗಮನಿಸಿದಳು. ಆ ಬೇಸಿಗೆಯಲ್ಲಿ ಮೊದಲ ಸಲ ಕಾರು ನ್ಯಾಯವಾದ ತೂಕದಲ್ಲಿ ಓಡಿತು. ವೇಡ್ ಗೆಲ್ಲಲಿಲ್ಲ, ಎರಡನೆಯವನಾಗಿ ಬಂದ. ಆದರೆ ಕೊನೆಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದ ಕಾರನ್ನು ಅವನು ಹಿಡಿದ ರೀತಿಗೆ ಬಿಳಿ ಹ್ಯಾಟಿನವನು ತನ್ನ ಹ್ಯಾಟು ತೆಗೆದ. ಕತ್ತಲಾಗುವಷ್ಟರಲ್ಲಿ ಮಾತು ಮುಗಿದಿತ್ತು. ವೇಡ್ ಬೇಲಿಯ ಹತ್ತಿರ ಬಂದು, ಮುಖದ ತುಂಬಾ ಧೂಳು ಮೆತ್ತಿಕೊಂಡು, ಅಮ್ಮನನ್ನು ಕೇಳಿದ. ಮೇಡಂ, ನಿಮ್ಮ ದೇವರನ್ನು ನಾನು ಇಟ್ಟುಕೊಳ್ಳಬಹುದೇ? ಅವನು ತಮಾಷೆ ಮಾಡುತ್ತಿರಲಿಲ್ಲ. ಅಮ್ಮ ಹೂಂ ಎಂದಳು. ಇನ್ನೇನು ಹೇಳಲು ಬರುತ್ತಿತ್ತು? ಮಾರನೆಯ ವಾರ ಅವರು ಡ್ಯಾಲಸ್ಸಿಗೆ ಶಿಫ್ಟ್ ಆಗುವಾಗ ಡಾರ್ಲೀನಳ ಕೈಗೆ ಒಂದು ಡಬ್ಬಿ ಕುಂಕುಮವನ್ನೂ ಕೊಟ್ಟಳು.

ರೇಸಿನ ದಿನ ಮನೆಗೆ ಬಂದ ಮೇಲೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಇವತ್ತು ನಮ್ಮ ಮಾನ ಉಳಿಸಿದೆ, ಸರೋಜ."

"ನಿಮ್ಮ ಮಾನಕ್ಕೆ ನಾನು ಹೇಳಲಿಲ್ಲ. ಆ ಪಕ್ಕದ್ಮನೆ ಹುಡುಗಿ ಮುಖ ನೋಡೋಕಾಗಲಿಲ್ಲ."

"ತಪ್ಪಾಯ್ತು. ಆಫೀಸಿನ ಕೆಲಸ ಬೇಜಾರಾಗಿತ್ತು. ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಆದ್ರೆ ನಿಜ ಗೊತ್ತಿರ್ತಿತ್ತು." ಅಮ್ಮ ಅನ್ನದ ಪಾತ್ರೆ ಇಳಿಸಿದಳು. "ಈ ಮನೇಲಿ ನಾನೊಬ್ಬಳಾದ್ರೂ ಸುಳ್ಳು ಹೇಳಲ್ಲ ಅಂತಿತ್ತು. ಅದೂ ಹೋಯ್ತು. ಕೈ ತೊಳ್ಕೊಳ್ಳಿ."

ಅಪ್ಪ ಆ ತಿಂಗಳೇ ಒಂದು ಮಿಕ್ಸರ್ ತಂದರು. ಅದರಲ್ಲಿ ತಿರುವಿದ ಚಟ್ನಿ ಬಿಸಿಯಾಗುತ್ತದೆ, ರುಚಿಯಿಲ್ಲ ಎಂದು ಅಪ್ಪ ಬದುಕಿರುವಷ್ಟು ಕಾಲವೂ ಅಮ್ಮ ಅವರಿಗೆ ಹೇಳಿದಳು. ಶನಿವಾರಗಳಲ್ಲಿ ಅಪ್ಪ ನಿಜವಾಗಿಯೂ ಲೈಬ್ರರಿಗೆ ಹೋಗತೊಡಗಿದರು. ಅಮ್ಮ ಜೊತೆಗೆ ನನ್ನನ್ನೂ ಕಳಿಸುತ್ತಿದ್ದಳು. ಹೋಗಿ ಬಂದ ಮೇಲೆ, ಎಲ್ಲಿಗೆ ಹೋಗಿದ್ರಿ ಎಂದು ನನ್ನನ್ನು ಬೇರೆಯಾಗಿ ಕೇಳುತ್ತಿದ್ದಳು.

ಅಪ್ಪ ಸುಳ್ಳು ಹೇಳಿದ್ದು ನನ್ನನ್ನು ಅಷ್ಟಾಗಿ ತಾಗಲಿಲ್ಲ. ಹುಳಿ ದೋಸೆ ಹೊಗಳಿದಾಗಲೇ ನನಗೆ ಗೊತ್ತಿತ್ತು. ನನಗೆ ಸಿಟ್ಟಿದ್ದದ್ದು ಅಮ್ಮನ ಮೇಲೆ. ಬೇಲಿಯ ಪಕ್ಕ ನಿಂತು ನಾನು ಅವಳ ಮುಖವನ್ನೇ ನೋಡಿದ್ದೆ. ರೆಪ್ಪೆ ಅಲುಗಲಿಲ್ಲ, ದನಿ ನಡುಗಲಿಲ್ಲ. ಇಷ್ಟು ಸಲೀಸಾಗಿ ಹೇಳುವವಳು ಮುಂಚೆ ಎಷ್ಟು ಹೇಳಿರಬಹುದು, ಇನ್ನು ಎಷ್ಟು ಹೇಳಬಹುದು ಎಂಬ ಹುಳ ಅಂದು ಹೊಕ್ಕದ್ದು ಹೊರಗೆ ಬರಲೇ ಇಲ್ಲ. ನಾನು ಆಸ್ಟಿನ್ನಿನಲ್ಲಿ ಓದುವಾಗ ಅವಳು ಫೋನಿನಲ್ಲಿ ಚೆನ್ನಾಗಿದೀನಿ ಎಂದರೆ ಎರಡೆರಡು ಸಲ ಕೇಳುತ್ತಿದ್ದೆ. ಅಪ್ಪನಿಗೆ ಬರೀ ಗ್ಯಾಸ್ಟ್ರಿಕ್ ಕಣೆ ಎಂದಾಗ ನಂಬದೆ ಬಸ್ಸು ಹತ್ತಿ ಬಂದೆ; ಅದು ಬರೀ ಗ್ಯಾಸ್ಟ್ರಿಕ್ಕೇ ಆಗಿತ್ತು. ಮುಂದೆ ನಾನು ಸೇರಿದ್ದು ವಿಮಾ ಕಂಪನಿಗೆ, ಅಪಘಾತವಾದ ಕಾರುಗಳನ್ನು ನೋಡಿ ಮಾಲೀಕ ಹೇಳುವುದು ನಿಜವೋ ಸುಳ್ಳೋ ಎಂದು ಬರೆಯುವ ಕೆಲಸ. ಬಹಳ ಚೆನ್ನಾಗಿ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮನೆಯಲ್ಲಿ ಮಾತ್ರ ಆ ಕೆಲಸ ಬಿಡಲು ಬರಲಿಲ್ಲ.

ವೇಡ್ ದೊಡ್ಡ ಟ್ರ್ಯಾಕುಗಳಲ್ಲಿ ಕೆಲವು ವರ್ಷ ಓಡಿಸಿದ. ಹೆಸರು ಬಂತು, ತೀರಾ ದೊಡ್ಡ ಹೆಸರಲ್ಲ. ಒಮ್ಮೆ ಕಾರು ಪಲ್ಟಿ ಹೊಡೆದು ಬೆಂಕಿ ಹತ್ತಿ, ಅವನು ಒಂದು ಕಾಲು ಊನ ಮಾಡಿಕೊಂಡು ಬದುಕಿದ. ಆಸ್ಟಿನ್ನಿನ ಆಚೆ ರಿಪೇರಿ ಅಂಗಡಿ ಇಟ್ಟ. ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು. ಅಪ್ಪ ಹೋದರು, ಆಮೇಲೆ ವೇಡನೂ ಹೋದ. ಅಮ್ಮ ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನ ನನ್ನ ಮನೆಗೆ ಬಂದಾಗ ಜೊತೆಗೆ ಆ ಗುಂಡಿಲ್ಲದ ಒರಳೂ ಬಂತು. ಹಿತ್ತಲಲ್ಲಿ ಅದಕ್ಕೆ ನೀರು ತುಂಬಿಸಿ ಹಕ್ಕಿಗಳಿಗೆ ಇಡುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಡಾರ್ಲೀನ್ ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಸಿಗರೇಟು ಬಿಟ್ಟಿದ್ದಳು. ಟವೆಲ್ಲಿನಲ್ಲಿ ಸುತ್ತಿದ ಗುಂಡನ್ನು ಮಗುವನ್ನು ಇಳಿಸುವ ಹಾಗೆ ಅಮ್ಮನ ತೊಡೆಯ ಮೇಲೆ ಇಳಿಸಿದಳು. ನೆತ್ತಿಯಲ್ಲಿ ದಪ್ಪಗೆ ಕೆಂಪು.

"ಪ್ರತಿ ಶನಿವಾರ ಇಟ್ಟಿದ್ದೀನಿ," ಎಂದಳು. "ನೀವು ಕೊಟ್ಟ ಡಬ್ಬಿ ಮುಗಿದ ಮೇಲೆ ಲಿಪ್‌ಸ್ಟಿಕ್."

ಅಮ್ಮ ಕಲ್ಲಿನ ಮೇಲೆ ಕೈಯಾಡಿಸುತ್ತ ಕೂತಳು. ಬುಡದಲ್ಲಿ ಒಂದು ಚಕ್ಕೆ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ತಲೆ ಎತ್ತಿದಳು.

"ಡಾರ್ಲೀನ್. ನೋ ಗಾಡ್. ಚಟ್ನಿ."

ಡಾರ್ಲೀನ್ ನಕ್ಕಳು.

"ಗೊತ್ತಿತ್ತು. ಅವತ್ತೇ ಗೊತ್ತಿತ್ತು. ನಿಮ್ಮ ಕೈ ನನ್ನ ಕೈಯಲ್ಲಿತ್ತಲ್ಲ." ಅವಳು ನನ್ನ ಕಡೆ ತಿರುಗಿದಳು. "ನಿಮ್ಮಮ್ಮನ ಕೈ ಎಷ್ಟು ನಡುಗುತ್ತಿತ್ತು ಅಂದರೆ, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೇಲಿಗೆ ಆತು ನಿಂತಿದ್ದೆವಲ್ಲ, ಅದು ಅಲುಗಾಡಿದರೆ ಆ ಮುದುಕನಿಗೆ ಗೊತ್ತಾಗಿಬಿಡುತ್ತೆ ಅಂತ ಭಯ. ಜೀವನದಲ್ಲಿ ಮೊದಲ ಸುಳ್ಳು ಹೇಳೋರು ಹಾಗೇ ನಡುಗೋದು."

ನಾನು ಅಮ್ಮನನ್ನು ನೋಡಿದೆ. ಅವಳು ಗುಂಡನ್ನು ಎತ್ತಿಕೊಡು ಎಂದು ಸನ್ನೆ ಮಾಡಿದಳು. ಹಿತ್ತಲಿಗೆ ಹೋಗಿ ಹಕ್ಕಿಗಳ ನೀರು ಚೆಲ್ಲಿ, ಒರಳು ತಿಕ್ಕಿ, ಲಿಪ್‌ಸ್ಟಿಕ್ ತೊಳೆದು, ಕಾಯಿ ತುರಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಾಕಿ ಕೂತಳು. ಕೈ ಸೋತಾಗ ನಾನು ತಿರುಗಿಸಿದೆ, ನಾನು ಸೋತಾಗ ಡಾರ್ಲೀನ್. ಆಮೇಲೆ ಮೂವರೂ ಅಡುಗೆಮನೆಯ ಮೇಜಿಗೆ ಬಂದೆವು. ಅಮ್ಮ ನನ್ನ ತಟ್ಟೆಗೆ ಚಟ್ನಿ ಹಾಕಿ, ಸೌಟು ಹಿಡಿದುಕೊಂಡೇ ನಿಂತಳು. ನಾನು ಏನು ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು.

ನಾನು ಮೂಸಿ ನೋಡದೆ ತಿಂದೆ.